ಶಿವಗಂಗೆ ಬೀಳಿಸಿದ ಸೇತುವೆ

“ಓರೆಯಾಗಿ ಆನಿಸುವ ಮರಕ್ಕೆ ನಮ್ಮ ಕಡೆ ಒಂದು ಹೆಸರಿತ್ತು. ಊರೆ... ಊರೆಗಂಬವೋ, ಊರೆತೊಲೆಯೋ... ಹಾಳಾದ್ದು, ಬರುತ್ತಿಲ್ಲ,” ಎಂದರು ಗುರು ತುಂಗಮ್ಮ. “ಇರಲಿ. ಆಟ ಎಲ್ಲಿಗೆ ಬಂತು?”

“ಮುಗೀತಮ್ಮಾ. ಮೂವತ್ತು ಹಂತವೂ ಗೆದ್ದೆ.”

ಸೇತುವೆ ಕಟ್ಟುವ ವಿದ್ಯೆ ಕಲಿಯಲು ಶಿವಗಂಗೆ ಆಶ್ರಮಕ್ಕೆ ಬಂದು ತಿಂಗಳಾಗಿತ್ತು. ಎದುರಿನ ಹಳ್ಳದ ಕಾಲುಸೇತುವೆ ಕೊಚ್ಚಿಹೋಗಿ, ಆಚೆ ದಡದ ಮಕ್ಕಳು ಸೊಂಟದವರೆಗಿನ ನೀರು ದಾಟಿ ಪಾಠಕ್ಕೆ ಬರುತ್ತಿದ್ದರು. ಅವಳು ನಕ್ಷೆ ಬರೆದು ಮರ ಕೇಳಿದಳು. ಗುರು ಮೊಬೈಲು ಕೊಟ್ಟರು.

ಅದರಲ್ಲೊಂದು ವಿಡಿಯೋ ಗೇಮ್. ಕಡ್ಡಿ ಜೋಡಿಸಿ ಸೇತುವೆ ಕಟ್ಟಬೇಕು, ಮೇಲೆ ಲಾರಿ ದಾಟಬೇಕು.

“ಈಗಲಾದರೂ ಮರ ಕೊಡ್ತೀರಾ?”

ಗುರು ಅವಳ ಕೊನೆಯ ಸೇತುವೆ ನೋಡಿದರು. ಲಾರಿ ಸಲೀಸಾಗಿ ದಾಟಿತು.

“ಚೆನ್ನಾಗಿದೆ. ಬೀಳಿಸು.”

“ಏನಂದಿರಿ?”

“ಒಂದೊಂದೇ ಕಡ್ಡಿ ತೆಗಿ. ಬಿದ್ದಾಗ ಕರಿ.” ಅವರು ಅವರೆಕಾಯಿ ಸುಲಿಯಲು ಕೂತರು.

ಗೆದ್ದದ್ದನ್ನು ಯಾಕೆ ಕೆಡಿಸಬೇಕು? ಶಿವಗಂಗೆಗೆ ತಲೆಬುಡ ತಿಳಿಯಲಿಲ್ಲ. ನಡುವಿನ ದಪ್ಪ ಕಡ್ಡಿಯನ್ನೇ ತೆಗೆದಳು. ಲಾರಿ ದಾಟಿತು. ಇನ್ನೊಂದು ತೆಗೆದಳು. ದಾಟಿತು. ಒಂಬತ್ತು ಹೋದರೂ ದಾಟಿತು.

“ಅಮ್ಮಾ, ಇದು ಬೀಳ್ತಾನೇ ಇಲ್ಲ!”

“ಖುಷಿಯೇನೇ?”

“ಗೊತ್ತಾಗ್ತಿಲ್ಲ.”

“ಅಷ್ಟೆಲ್ಲ ಯಾಕೆ ಹಾಕಿದ್ದೆ?”

“ಬಿದ್ದಾಗಲೆಲ್ಲ ಒಂದೊಂದು ಹಾಕಿದೆ. ಕೊನೆಗೊಂದು ಸಲ ನಿಂತಿತು.”

ಗುರು ಕಾಯಿ ಸುಲಿಯುತ್ತಲೇ ಇದ್ದರು.

ಹತ್ತನೆಯದು ದಡದ ಬಳಿಯ ಪುಟ್ಟ ಓರೆ ಕಡ್ಡಿ. ಯಾವಾಗ ಹಾಕಿದ್ದೆಂಬುದೂ ಅವಳಿಗೆ ನೆನಪಿಲ್ಲ. ತೆಗೆದಳು. ಸೇತುವೆ ಪೂರ್ತಿ ಕುಸಿದು ಲಾರಿ ನೀರಿಗೆ ಬಿತ್ತು.

ಒಂಬತ್ತನ್ನೂ ಮರಳಿ ಹಾಕಿದಳು, ಅದೊಂದನ್ನು ಬಿಟ್ಟು. ಮತ್ತೆ ಬಿತ್ತು.

“ಇದೇನಾ?” ಎಂದಳು ಬೆಪ್ಪಾಗಿ. “ಇದೊಂದೇನಾ?”

ಗುರು ಎದ್ದು, ಮರವಿಟ್ಟ ಕೊಟ್ಟಿಗೆಯ ಬೀಗದ ಕೈಯನ್ನು ಅವಳ ನಕ್ಷೆಯ ಮೇಲಿಟ್ಟರು.

ತಿಂಗಳಿಂದ ಕೇಳುತ್ತಿದ್ದುದು ಅದೇ. ಆದರೂ ಚಾಚಿದ ಕೈಯನ್ನು ಶಿವಗಂಗೆ ಹಿಂದಕ್ಕೆಳೆದುಕೊಂಡಳು. ಹಳ್ಳದಾಚೆ ಮಕ್ಕಳು ಚೀಲಗಳನ್ನು ತಲೆಯ ಮೇಲಿಟ್ಟುಕೊಂಡು ನೀರಿಗಿಳಿಯುತ್ತಿದ್ದರು.

“ಬೇಡಮ್ಮಾ. ನನ್ನ ನಕ್ಷೆಯಲ್ಲಿ ಅಂಥ ಕಡ್ಡಿ ಯಾವುದೋ ನನಗೆ ಗೊತ್ತಿಲ್ಲ.”

ಗುರು ಪೆನ್ಸಿಲ್ ಹುಡುಕಿ ಅವಳ ಕೈಗೆ ಕೊಟ್ಟರು.

“ಈಗ ಗೊತ್ತಿಲ್ಲ ಅಂದೆಯಲ್ಲ ಮಗಳೇ, ಮೊದಲು ಆ ಮಾತನ್ನೇ ನಕ್ಷೆಯ ಮೇಲೆ ಬರಿ.”