ತುಂಗವ್ವನ ಮೂರು ಗುಣ ಅರಮನೆ ಸೇರಿದ್ದು

ಒಂದಾನೊಂದು ಊರಿನಲ್ಲಿ, ಗಡಿಗೆಗಳಿಗಿಂತ ಮುಚ್ಚಳಗಳೇ ಬೇಗ ಒಡೆಯುವ ಊರಿನಲ್ಲಿ, ತುಂಗವ್ವ ಅಂತ ಒಬ್ಬಳಿದ್ದಳು. ಮಣ್ಣಿನ ಮುಚ್ಚಳ ಮಾಡಿ ಮಾರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಕಟ್ಟಿದ ಅಂಗಡಿ. ಬೆಳಗಾದರೆ ಜನ ಗಡಿಗೆ ಹೊತ್ತು ಬರುತ್ತಿದ್ದರು.

ಎದುರಿಗೆ ದೊರೆಯ ಅಂಗಡಿ. ಆ ದೊರೆಗೆ ರಾಜ್ಯ ಬೇಡ, ಯುದ್ಧ ಬೇಡ, ಮುಚ್ಚಳದ ವ್ಯಾಪಾರ ಬೇಕು. ಆದರೆ ಅವನ ಮುಚ್ಚಳಗಳೆಲ್ಲ ಚೌಕ. ಗಡಿಗೆಯ ಬಾಯಿ ದುಂಡಗೆ. ಒಬ್ಬರೂ ಕೊಳ್ಳಲಿಲ್ಲ. ಮುಚ್ಚಳದಲ್ಲಿ ತಪ್ಪಿರಬಹುದು ಅಂತ ದೊರೆಗೆ ಹೊಳೆಯಲೇ ಇಲ್ಲ. ತನ್ನಲ್ಲಿ ಯಾವುದೋ ಗುಣ ಕಮ್ಮಿ ಇದೆ ಅಂದುಕೊಂಡ.

ತುಂಗವ್ವನನ್ನು ಕರೆಸಿ, ನಿನ್ನ ಹತ್ತಿರ ಏನಿದೆ ಅಂತ ಕೇಳಿದ. ಅವಳು ಯೋಚಿಸಿ, ತಾಳ್ಮೆ ಇದೆ ಅಂದಳು. ಒಂದು ಗಡಿಗೆಯ ಬಾಯಿಯನ್ನು ಹತ್ತು ಸಲ ಅಳೆಯುತ್ತಾಳಂತೆ.

"ಹಾಗಾದರೆ ಅದು ಅರಮನೆಗೆ ಬರಲಿ," ಅಂದ ದೊರೆ.

ಆಳುಗಳು ಬುಟ್ಟಿ ತಂದರು. ತಾಳ್ಮೆ ಅವಳ ಮಡಿಲಿನಿಂದ ಇಳಿದು ಬುಟ್ಟಿಯಲ್ಲಿ ಕೂತಿತು. ದೊರೆಯ ಅಂಗಡಿಗೆ ಹೋಗಿ ಗಿರಾಕಿಗಾಗಿ ಕಾಯಿತು. ಒಂದು ತಿಂಗಳು ಕಾಯಿತು. ಅದಕ್ಕೇನೂ ಅವಸರವಿರಲಿಲ್ಲ.

ದೊರೆ ಅವಳ ನಯದ ಮಾತನ್ನು ತರಿಸಿದ. ಅದು ಬಾಗಿಲಲ್ಲಿ ನಿಂತು ಹೋಗುವವರ ಮೊಣಕಾಲು ನೋವು, ಸೊಸೆಯ ಬಾಣಂತನ ಎಲ್ಲ ವಿಚಾರಿಸಿತು. ಜನ ಸಮಾಧಾನದಿಂದ ಮನೆಗೆ ಹೋದರು. ಮುಚ್ಚಳ ಕೊಳ್ಳಲಿಲ್ಲ.

ಆಮೇಲೆ ಧೈರ್ಯಕ್ಕೆ ಹೇಳಿ ಕಳಿಸಿದ. ಅದಿನ್ನೂ ಅವಳಲ್ಲೇ ಇತ್ತು, ಹಾಗಾಗಿ ಬಾಯಿಬಿಟ್ಟಳು.

"ಇದೊಂದು ಬಿಡ್ರಿ ದೊರೆ. ಇದೂ ಹೋದರ ನನ್ನೊಳಗ ಏನ ಉಳೀತದ?"

ವ್ಯಾಪಾರ ಕುದುರಿದ ಕೂಡಲೇ ಮೂರನ್ನೂ ವಾಪಸು ಕಳಿಸುತ್ತೇನೆ ಅಂತ ದೊರೆ ಮಾತು ಕೊಟ್ಟ. ಧೈರ್ಯ ಅಂಗಡಿಗೆ ಬಂತು. ಕೂರುವ ಮುಂಚೆಯೇ, "ದೊರೆ, ನಿನ್ನ ಮುಚ್ಚಳ ಚೌಕ," ಅಂದಿತು. ಅದನ್ನು ಸೆರೆಮನೆಗೆ ಹಾಕಿದರು.

ಇತ್ತ ತುಂಗವ್ವ ಗಡಿಗೆಯ ಬಾಯಿಯನ್ನು ಒಂದೇ ಸಲ ಅಳೆದಳು. ಮುಚ್ಚಳ ಕೂರಲಿಲ್ಲ. ಕೇಳಲು ಬಂದವರ ಮೇಲೆ ಹರಿಹಾಯ್ದಳು. ಗಿರಾಕಿಗಳು ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಅಂಗಡಿ ಮುಚ್ಚಿತು.

ತನ್ನದನ್ನು ಕೇಳಿ ತರೋಣ ಅಂತ ಅರಮನೆಗೆ ಹೋದಳು. ಸಾಲಿನಲ್ಲಿ ನಿಲ್ಲಲು ತಾಳ್ಮೆ ಇಲ್ಲ, ತಿರುಗಿ ಬಂದಳು. ಮತ್ತೆ ಹೋದಳು. ಕಾವಲುಗಾರನಿಗೆ ಹೇಳಲು ನಯದ ಮಾತಿಲ್ಲ, ಬೈದು ಬಂದಳು. ಮತ್ತೊಂದು ದಿನ ಕಾವಲುಗಾರ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಹೊಸ್ತಿಲು ದಾಟಲು ಧೈರ್ಯ ಬರಲಿಲ್ಲ.

ಕಡೆಗೆ ದೊರೆ ಒಂದು ಅಪ್ಪಣೆ ಹೊರಡಿಸಿದ. ಇನ್ನು ಮೇಲೆ ರಾಜ್ಯದ ಗಡಿಗೆಗಳ ಬಾಯೆಲ್ಲ ಚೌಕ ಇರತಕ್ಕದ್ದು, ದುಂಡು ಬಾಯಿಯವನ್ನು ಒಡೆಯತಕ್ಕದ್ದು. ಮರುದಿನದಿಂದ ಅವನ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಕೊಟ್ಟ ಮಾತು ಅವನಿಗೆ ನೆನಪಾಗಲಿಲ್ಲ.

ದೊರೆ ಊರಿನವರನ್ನೆಲ್ಲ ಕೂಡಿಸಿ ಭಾಷಣ ಮಾಡಿದ. ವ್ಯಾಪಾರದಲ್ಲಿ ಮೇಲೆ ಬರಲು ಮೂರೇ ಗುಣ ಬೇಕು ಅಂದ. ತಾಳ್ಮೆ, ನಯದ ಮಾತು, ಧೈರ್ಯ. ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ.

ತುಂಗವ್ವ ನಡುವೆ ಕೂತಿದ್ದಳು. ಕೇಳುವ ತಾಳ್ಮೆ ಇರಲಿಲ್ಲ. ಎದ್ದು ಹೋಗುವ ಧೈರ್ಯ ಇರಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದಾಗ ಅವಳೂ ಹೊಡೆದಳು.

ಇಲ್ಲಿಗೆ ನನ್ನ ಕತೆ ಮುಗಿಯಿತು, ನಿಮ್ಮ ಹೂಂಗುಟ್ಟುವುದೂ ಮುಗಿಯಿತು. ನೀತಿ ಬೇಕಾದವರು ದೊರೆಯನ್ನು ಕೇಳಿಕೊಳ್ಳಿ. ಅದೂ ಈಗ ಅವನ ಹತ್ತಿರವೇ ಇದೆ.