ಊರುಗಳ ಪಟ್ಟಿ ಮತ್ತು ಅವಸರದ ಕೋರಿಕೆ

ಬಸ್ ಟಿಕೆಟ್ ಮಾರುವ ಜಾಲತಾಣವೊಂದರ ಸರ್ವರ್ ಒಂದು ಬೆಳಿಗ್ಗೆ ಹೊಸದಾಗಿ ಶುರುವಾಗುತ್ತಿತ್ತು. ಪ್ರಯಾಣಿಕರೊಬ್ಬರ ಫೋನಿನಿಂದ ಹೊರಟ ಕೋರಿಕೆಯೊಂದು ಎಲ್ಲಕ್ಕಿಂತ ಮೊದಲು ಬಂದು ಬಾಗಿಲು ತಟ್ಟಿತು.

"ಸ್ವಲ್ಪ ತಡೆ, ಊರುಗಳ ಪಟ್ಟಿ ಇನ್ನೂ ತುಂಬುತ್ತಿದೆ," ಎಂದಿತು ಬಾಗಿಲು.

"ನನಗೆ ಬೇಕಾದದ್ದು ಅಂಕೋಲಾ ಒಂದೇ. ಅದು ಆಗಲೇ ಪಟ್ಟಿಗೆ ಸೇರಿದೆಯಲ್ಲ, ಒಳಗೆ ಬಿಡಿ."

"ನಿನ್ನನ್ನು ಬಿಟ್ಟರೆ ಹಿಂದಿನವರನ್ನೂ ಬಿಡಬೇಕಾಗುತ್ತದೆ. ಹೊಸದುರ್ಗ ಕೇಳಿಕೊಂಡು ಬಂದವರಿಗೆ ಅಂಥ ಊರೇ ಇಲ್ಲವೆಂದು ಹೇಳಿ ಕಳಿಸಲೇ?"

ಕೋರಿಕೆ ತಿರುಗಿ ನೋಡಿತು. ಸಾಲಿಗೆ ಕೊನೆಯೇ ಕಾಣಲಿಲ್ಲ. ಅಲ್ಲೇ ಕಾಯುತ್ತಾ ನಿಂತಿತು.

ಕಟ್ಟಕಡೆಯ ಊರೂ ಸೇರಿದ ಮೇಲೆ ಬಾಗಿಲು ತೆರೆಯಿತು. ಸಾವಿರಾರು ಕೋರಿಕೆಗಳು ಒಟ್ಟಿಗೇ ಒಳಗೆ ನುಗ್ಗಿದವು. ಅವಕ್ಕೆಲ್ಲ ಸೇರಿ ಅಲ್ಲಿ ಇದ್ದದ್ದು ಒಂದೇ ಪಟ್ಟಿ.

"ಸರದಿ ಕಾಯುವುದು ಬೇಡ, ಎಲ್ಲರೂ ಓದಿಕೊಳ್ಳಿ," ಎಂದಿತು ಪಟ್ಟಿ.

ಎಲ್ಲವೂ ಏಕಕಾಲಕ್ಕೆ ಓದಿದವು. ಪಟ್ಟಿಯ ಒಂದಕ್ಷರವೂ ಸವೆಯಲಿಲ್ಲ, ಯಾವ ಕೋರಿಕೆಯೂ ಬರಿಗೈಲಿ ಮರಳಲಿಲ್ಲ. ಅಂಕೋಲಾ ಕಣ್ಣೆದುರಿಗೇ ಇದ್ದರೂ ಮೊದಲು ಬಂದ ಕೋರಿಕೆ ಇದನ್ನು ಕಂಡು ಬೆರಗಾಗಿ ತನ್ನ ಅವಸರವನ್ನೇ ಮರೆತುಬಿಟ್ಟಿತು. ಬಾಗಿಲು ದಾಟಿದ ಕೋರಿಕೆ ಬದುಕುವುದು ಉತ್ತರ ಒಯ್ಯುವವರೆಗಿನ ಎರಡೇ ಕ್ಷಣ. ಅದರಲ್ಲೊಂದನ್ನು ಅದು ಪಟ್ಟಿಯ ಮುಂದೆ ತಲೆಬಾಗಿ ನಿಂತೇ ಕಳೆಯಿತು.