ಸರ್ವರಿನ ನಿದ್ದೆ ಮತ್ತು ಟೈಮರಿನ ಗಂಟೆ

ಕಂಪ್ಯೂಟರಿನೊಳಗೆ ಕೂತು ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸುತ್ತದಲ್ಲ, ಅದಕ್ಕೆ ಏನೋ ಹೆಸರಿದೆಯಲ್ಲೇ ಪುಟ್ಟಿ, ಟೈ... ಟೈಮರ್, ಹೌದು. ಆಟ ನಡೆಸುವ ಸರ್ವರ್ ಒಮ್ಮೆ ಅದಕ್ಕೆ ಹೇಳಿತು: "ಅಣ್ಣಾ, ಒಂದೇ ಮಿಲಿಸೆಕೆಂಡ್ ಮಲಗುತ್ತೇನೆ. ಆಟದಲ್ಲಿ ಯುದ್ಧ ನಡೆಯುತ್ತಿದೆ, ತಪ್ಪದೆ ಎಬ್ಬಿಸು."

"ಅಗತ್ಯವಾಗಿ," ಎಂದಿತು ಟೈಮರ್. ಆದರೆ ಅದು ಗಂಟೆ ಬಾರಿಸುತ್ತಿದ್ದುದು ಹದಿನಾರು ಮಿಲಿಸೆಕೆಂಡಿಗೊಮ್ಮೆ. ಅಷ್ಟರಲ್ಲಿ ಆಟದೊಳಗಿನ ಸೈನಿಕನೊಬ್ಬ ಗುರಾಣಿ ಎತ್ತಿದ. ಮಲಗಿದ್ದ ಸರ್ವರ್ ಅದನ್ನು ನೋಡಲಿಲ್ಲ. ಗುರಾಣಿ ಅದರ ಲೆಕ್ಕಕ್ಕೇ ಬರದೆ ಬಾಣ ಸೈನಿಕನ ಎದೆಗೆ ನಾಟಿತು.

"ತಡವಾಗಿ ಎಬ್ಬಿಸಿದೆಯಲ್ಲ," ಎಂದಿತು ಸರ್ವರ್.

"ತಡವೇ? ನನ್ನ ಗಂಟೆಗೆ ಸರಿಯಾಗಿ ಎಬ್ಬಿಸಿದ್ದೇನೆ. ಬೇಗಬೇಗ ಬಾರಿಸೆಂದು ಮೊದಲೇ ಕೇಳಿದ್ದರೆ ಬಾರಿಸುತ್ತಿದ್ದೆ. ಯಾರೂ ಕೇಳಲಿಲ್ಲ."

ಸರ್ವರಿನ ಯಜಮಾನರು ಬಹಳ ಬುದ್ಧಿವಂತರು. ಗಂಟೆಯ ಗೋಜಿಗೇ ಹೋಗದೆ ಬೇಗಬೇಗ ಲೆಕ್ಕ ಮಾಡುವ ದುಬಾರಿ ಪ್ರೊಸೆಸರ್ ತಂದು ಕೂರಿಸಿದರು. ಸರ್ವರ್ ಕೆಲಸವನ್ನು ಚಕಚಕನೆ ಮುಗಿಸಿ, ಅದೇ ಗಂಟೆಗೆ ಕಾಯುತ್ತ ಇನ್ನಷ್ಟು ಹೊತ್ತು ಮಲಗತೊಡಗಿತು.

ಹೊಸ ಆಟಕ್ಕೆ ಎದ್ದು ನಿಂತ ಸೈನಿಕ ಕೇಳಿದ, "ಇನ್ನು ನಾನು ಬದುಕುತ್ತೇನೆ ತಾನೇ, ಸ್ವಾಮಿ?"

"ಹಾಗೇನಿಲ್ಲಪ್ಪ," ಎಂದಿತು ಸರ್ವರ್, "ಆದರೆ ನೀನು ಸತ್ತದ್ದನ್ನು ಈಗ ಬಹಳ ವೇಗವಾಗಿ ಲೆಕ್ಕ ಹಾಕುತ್ತೇನೆ."

ಇದನ್ನು ಬರೆದಿಡೇ ಪುಟ್ಟಿ. ಯಜಮಾನರು ಓದಲಿಕ್ಕಿಲ್ಲ, ಆದರೂ ಬರೆ.